ನೋಟೀಸಿಗೆ ಹಚ್ಚಿದ ಅರಿಶಿನ

ಮೊನ್ನೆ ಮಗನ ಮನೆಗೆ ಯಾರದೋ ಮದುವೆಯ ಕಾರ್ಡು ಬಂತು. ಹೊಳೆಯುವ ದಪ್ಪ ಕಾಗದ, ಮೇಲೆ ಬಂಗಾರದ ಬಣ್ಣದ ಅಕ್ಷರ. ಯಾರ ಮದುವೆಯೋ ನನಗೆ ಗೊತ್ತಿಲ್ಲ, ಕೇಳಿ ತಿಳಿದುಕೊಳ್ಳುವ ಹುರುಪೂ ಈಗ ಉಳಿದಿಲ್ಲ. ಆದರೆ ಮೂಲೆಗೆ ಹಚ್ಚಿದ್ದ ಅರಿಶಿನ ಇನ್ನೂ ಹಸಿಯಾಗಿತ್ತು, ಹೆಬ್ಬೆರಳಿಗೆ ಅಂಟಿತು. ಬೆರಳನ್ನು ಮೂಗಿನ ಹತ್ತಿರ ತಂದೆ, ಅಷ್ಟೇ... ಲಿಂಗಸುಗೂರಿನ ಕಚೇರಿಯ ಹಲಗೆ, ಅದರ ಮುಂದೆ ನಿಂತಿದ್ದ ನಮ್ಮ ನರ್ಸಬಾಯಿ, ಎಲ್ಲ ಎದ್ದು ಬಂದವು. ಈ ವಯಸ್ಸಿನಲ್ಲಿ ನೆನಪುಗಳು ಹೇಳಿ ಕೇಳಿ ಬರುವುದಿಲ್ಲ. ಬಂದವು ಬೇಗ ಎದ್ದು ಹೋಗುವುದೂ ಇಲ್ಲ.

ನಾನು ಮದುವೆಯಾಗಿ ಲಿಂಗಸುಗೂರಿಗೆ ಬಂದ ಹೊಸದು. ನಿಜಾಮನ ಆಳಿಕೆ ಹೋಗಿದ್ದರೂ ಜನರ ಬಾಯಲ್ಲಿ ಇನ್ನೂ ಅದೇ ಕಾಲದ ಮಾತುಗಳು. ನಮ್ಮ ಮನೆಯ ಹಿತ್ತಲ ಖೋಲಿಯಲ್ಲಿ ಸರ್ಕಾರಿ ದವಾಖಾನೆಯ ನರ್ಸು ಬಾಡಿಗೆಗಿದ್ದರು. ಊರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿತ್ತು. ನಾನು ಅಕ್ಕಾ ಎನ್ನುತ್ತಿದ್ದೆ. ತುರ್ವಿಹಾಳದ ಕಡೆಯ ಒಕ್ಕಲು ಮನೆತನದವರು. ಗಂಡ ಎಂಬವನ ಮುಖ ಸರಿಯಾಗಿ ನೋಡುವ ಮೊದಲೇ ಅವನು ತೀರಿಕೊಂಡಿದ್ದನಂತೆ. ಅಣ್ಣ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಡಲು ಒಬ್ಬ ಮುದುಕನನ್ನು ಹುಡುಕಿದ. ಇವರು ಒಲ್ಲೆ ಎಂದು ಹೈದರಾಬಾದಿಗೆ ಹೋಗಿ ನರ್ಸಿಂಗ್ ಕಲಿತರು. ಅಂದಿನಿಂದ ತವರಿನ ಬಾಗಿಲು ಮುಚ್ಚಿತ್ತು.

ಹೈದರಾಬಾದಿನ ಆಸ್ಪತ್ರೆಗೆ ದಿನಾಲು ಬ್ರೆಡ್ಡು ತರುತ್ತಿದ್ದ ಒಬ್ಬ ಗೋವೆಯವರ ಜೊತೆ ಅವರ ಮನಸ್ಸು ಬೆರೆತಿತ್ತು. ಬ್ರೆಡ್ಡು ಸುಡುವ ಭಟ್ಟಿಯ ಮುಂದೆ ನಿಂತು ನಿಂತು ಮುಖ ಕೆಂಪಾಗಿದ್ದ, ಕಡಿಮೆ ಮಾತಿನ ಮನುಷ್ಯ. ಕ್ರೈಸ್ತರು. ಆಗ ಗೋವೆ ಪೋರ್ತುಗೀಜರ ಕೈಯಲ್ಲಿತ್ತು, ಹಾಗಾಗಿ ನಮ್ಮ ಸರ್ಕಾರದ ಲೆಕ್ಕದಲ್ಲಿ ಅವರು ಬೇರೆ ದೇಶದವರು. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದರು, ಅಷ್ಟರಲ್ಲಿ ಗೋವೆ ಬಿಡಿಸುವ ಗಲಾಟೆ ಶುರುವಾಗಿ ಗಡಿ ಬಿಗಿಯಾಯಿತು. ಮರಳಿ ಬರುವಾಗ ಪರವಾನಗಿ ಕೊಟ್ಟರು, ಇಂತಿಷ್ಟೇ ದಿನ ಎಂದು ಅದಕ್ಕೊಂದು ಮುದ್ದತು ಹಾಕಿ. ಆ ಮುದ್ದತಿನೊಳಗೆ ಮದುವೆಯಾದರೆ, ಹೆಂಡತಿ ಇಲ್ಲಿಯವಳೆಂದು ತೋರಿಸಿ ಇಲ್ಲೇ ಉಳಿಯಲು ಅರ್ಜಿ ಹಾಕಬಹುದು. ಆಗದಿದ್ದರೆ ಗಡಿ ದಾಟಬೇಕು. ದಾಟಿದರೆ ತಿರುಗಿ ಬರುವ ಭರವಸೆ ಇರಲಿಲ್ಲ.

ಎಷ್ಟು ಬಾಗಿಲು ಬಡಿದರೋ ಇಬ್ಬರೂ! ಚರ್ಚಿನ ಪಾದ್ರಿಗಳು ಹುಡುಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಲಿ ಎಂದರು. ಮಠದ ಅಯ್ಯನವರು ಹುಡುಗ ಲಿಂಗ ಕಟ್ಟಿಕೊಳ್ಳಲಿ ಎಂದರು. ನರ್ಸಬಾಯಿ ನನಗೆ ಹೇಳಿದ್ದರು:

"ದೇವರನ್ನ ಬದಲಿ ಮಾಡಿ ಗಂಡನ್ನ ತಗೊಳ್ಳಾಕ ನನಗ ಮನಸಿಲ್ಲ ಬೇ. ಅವರಿಗೂ ಮಾಡ್ರಿ ಅನ್ನಾಕ ಬಾಯಿ ಬರಂಗಿಲ್ಲ."

ಗೋವೆಯಲ್ಲಿ ಸರ್ಕಾರಿ ಮದುವೆ ಉಂಟಂತೆ, ಆದರೆ ಇವರನ್ನು ಗಡಿಯೊಳಗೆ ಬಿಡುವವರು ಯಾರು? ಹೈದರಾಬಾದಿನ ಕಚೇರಿಯಲ್ಲಿ, ನಿಮ್ಮಿಬ್ಬರಲ್ಲಿ ಯಾರೂ ಈಗ ಈ ಜಿಲ್ಲೆಯಲ್ಲಿ ವಾಸವಿಲ್ಲ, ಹೋಗಿ ಎಂದರು. ಕೊನೆಗೆ ಉಳಿದದ್ದು ನಮ್ಮ ಊರೇ. ಜಾತಿ ಧರ್ಮ ಕೇಳದ ಹೊಸ ಮದುವೆ ಕಾನೂನು ಆಗಷ್ಟೇ ಬಂದಿತ್ತು. ಇಬ್ಬರಲ್ಲಿ ಒಬ್ಬರು ತಿಂಗಳಿಂದ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು. ನಮ್ಮ ಹಿತ್ತಲ ಖೋಲಿಯೇ ಅವರ ವಾಸಸ್ಥಳವಾಯಿತು. ಇಬ್ಬರ ಹೆಸರು ಬರೆದ ನೋಟೀಸು ಕಚೇರಿಯ ಹಲಗೆಯ ಮೇಲೆ ಒಂದು ತಿಂಗಳು ಇರಬೇಕು, ಯಾರೂ ತಕರಾರು ಹಾಕಬಾರದು, ಆಮೇಲೆ ಸಹಿ. ತಿಂಗಳು ಮುಗಿದ ಮೇಲೂ ಪರವಾನಗಿಯ ಮುದ್ದತು ಒಂದು ವಾರ ಉಳಿಯುತ್ತಿತ್ತು.

ಗೋವೆಯವರು ಸಿಂಧನೂರಿನಲ್ಲಿ ಒಬ್ಬ ಸಾಹೇಬರ ಬಿಸ್ಕೀಟು ಭಟ್ಟಿಯಲ್ಲಿ ಕೆಲಸಕ್ಕೆ ನಿಂತು, ಅಲ್ಲೇ ಮಲಗುತ್ತಿದ್ದರು. ಭಾನುವಾರ ಬಸ್ಸು ಹಿಡಿದು, ಮಸ್ಕಿ ದಾಟಿ, ಮೈಯೆಲ್ಲ ಧೂಳಾಗಿ ಬರುತ್ತಿದ್ದರು. ಮದುವೆಯಾಗುವ ತನಕ ಖೋಲಿಗೆ ಕಾಲಿಡುವಂತಿಲ್ಲ ಎಂದು ನರ್ಸಬಾಯಿ ಕಟ್ಟು ಹಾಕಿದ್ದರು. ಆತ ಹೊರಗೆ ಕಟ್ಟೆಯ ಮೇಲೆ, ಈಕೆ ಒಳಗೆ ಹೊಸ್ತಿಲ ಹತ್ತಿರ. ನಡುವೆ ನಮ್ಮತ್ತೆ, ಬೇಳೆ ಆರಿಸುತ್ತ.

ಮೊದಲ ಸಲ ಆತ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡನ್ನು ಅತ್ತೆಯ ಮುಂದಿಟ್ಟರು. ಆಗ ನಮ್ಮ ಕಡೆ ಬ್ರೆಡ್ಡು ತಿನ್ನುವುದು ಕಾಯಿಲೆ ಬಿದ್ದವರು ಮಾತ್ರ.

"ಯಾಕಪ್ಪಾ, ನನಗೇನು ಜ್ವರ ಬಂದೈತೇನು? ರೊಟ್ಟಿ ತಿಂದು ಗಟ್ಟಿಮುಟ್ಟಾಗಿ ಅದೀನಿ" ಎಂದರು ಅತ್ತೆ. ಆತನಿಗೆ ಅರ್ಥವಾಗಲಿಲ್ಲ. ನರ್ಸಬಾಯಿ ಬಿದ್ದು ಬಿದ್ದು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನೋಟೀಸು ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯ ನಿದ್ದೆಯಿಲ್ಲ. ತುರ್ವಿಹಾಳದ ಅಣ್ಣ ಬಂದು ತಕರಾರು ಹಾಕಿಯೇ ಹಾಕುತ್ತಾನೆ ಎಂದು ಎಲ್ಲರಿಗೂ ಅಂಜಿಕೆ. ಕಚೇರಿಯ ಮುಂದೆ ಹಾದು ಬರುವ ಕೆಲಸ ಅತ್ತೆಯದು. ಓದಲು ಬರುತ್ತಿರಲಿಲ್ಲ, ಕಾಗದ ಇದೆಯೋ ಇಲ್ಲವೋ ನೋಡಿ ಬಂದು "ಐತಿ, ಐತಿ" ಎನ್ನುತ್ತಿದ್ದರು. ನರ್ಸಬಾಯಿ ದವಾಖಾನೆಯಿಂದ ಬಂದವರೇ ಮೊದಲು ಅತ್ತೆಯ ಮುಖ ನೋಡುತ್ತಿದ್ದರು. ಹೆರಿಗೆ ಮಾಡಿಸಿ ದಣಿದ ದಣಿವು ಬೇರೆ, ಈ ಕಾಯುವ ದಣಿವೇ ಬೇರೆ.

ಅಣ್ಣ ಬಂದ. ತಲೆಗೆ ರುಮಾಲು, ಕೈಯಲ್ಲಿ ಕೊಡೆ. ನಮ್ಮ ಅಂಗಳದಲ್ಲಿ ನಿಂತ, ಕೂಡ್ರು ಎಂದರೂ ಕೂಡ್ರಲಿಲ್ಲ.

"ನಾ ತಕರಾರು ಹಾಕಂಗಿಲ್ಲ. ಹಾಕಿದ್ರ ನಮ್ಮ ಅಪ್ಪನ ಹೆಸರು ಕಚೇರ್ಯಾಗ ನಾಲ್ಕು ಮಂದಿ ಓದತಾರ. ನೀ ಆತು, ನಿನ್ನ ದಾರಿ ಆತು" ಎಂದ. ನೀರು ಸಹ ಕುಡಿಯದೆ ಹೋದ.

ನರ್ಸಬಾಯಿ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು. ಅದು ದುಃಖವೋ ಸಮಾಧಾನವೋ, ಅವರಿಗೇ ತಿಳಿದಿರಲಿಕ್ಕಿಲ್ಲ. ಆದರೆ ನಮ್ಮತ್ತೆಗೆ ಮಾತ್ರ ಹಿಗ್ಗು. ತಿಂಗಳು ಮುಗಿಯಲು ಎರಡೋ ಮೂರೋ ದಿನ ಉಳಿದಿತ್ತು. ಇನ್ನು ಲಗ್ನ ಆದಂತೆಯೇ ಎಂದು ಅವರು ಶಾವಿಗೆ ಪಾಯಸಕ್ಕೆ ಬೆಲ್ಲ ತರಿಸಿದರು.

ಮರುದಿನ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಸೆರಗು ಹೊದ್ದು ಹೊರಟರು. ಗುಡಿಗಿರಬೇಕು ಎಂದುಕೊಂಡೆ. ಹೊತ್ತೇರಿದ ಮೇಲೆ ಕಚೇರಿಯ ಜವಾನ ಓಡಿ ಬಂದ. ನಾನೂ ನರ್ಸಬಾಯಿಯೂ ಹೋಗಿ ನೋಡಿದರೆ... ಹಲಗೆಯ ಮೇಲಿನ ನೋಟೀಸಿನ ನಾಲ್ಕೂ ಮೂಲೆಗೆ ಅರಿಶಿನ, ನಡುವೆ ಕುಂಕುಮ. ಮಸಿಯಲ್ಲಿ ಬರೆದ ಕಾಗದ ಅದು. ಅತ್ತೆ ಅರಿಶಿನವನ್ನು ನೀರಾಗಿ ಕಲಸಿದ್ದರು. ನೀರು ಕೆಳಗಿಳಿದು ಇಬ್ಬರ ಹೆಸರೂ ಹರಡಿ, ಹಸಿರು ನೀಲಿ ಕಲೆಯಾಗಿತ್ತು.

ಅತ್ತೆ ಅಲ್ಲೇ ನಿಂತಿದ್ದರು, ಬಟ್ಟಲು ಹಿಡಿದುಕೊಂಡು.

"ಯವ್ವಾ, ಲಗ್ನದ ಪತ್ರಕ್ಕ ಅರಿಷಿಣ ಹಚ್ಚದ ಹಂಗ ಬಿಡತಾರೇನು? ಅರಿಷಿಣ ಕಾಣದ ಕಾಗದ ಸತ್ತವರ ಸುದ್ದಿದು. ಇಷ್ಟು ದಿನ ಬೋಳಾಗಿ ನೇತಾಡಾಕತ್ತಿತ್ತು, ನನ್ನ ಕರುಳು ಚುರ್ ಅಂತಿತ್ತು..."

ಕಚೇರಿಯ ಪೇಶ್ಕಾರರು, ಅಂದರೆ ಗುಮಾಸ್ತರು, ಕೆಟ್ಟವರೇನಲ್ಲ. ತಲೆ ಕೆರೆದುಕೊಂಡರು.

"ನೋಟೀಸ್ ಓದಾಕ ಬರಂಗಿಲ್ಲ ಅಂದ್ರ ಅದು ನೋಟೀಸ್ ಅಲ್ಲರಿ ಬಾಯಿ. ನಾಳೆ ಯಾರರ ಬಂದು, ನಮಗ ಓದಾಕ ಬರಲಿಲ್ಲ ಅಂದ್ರ ನಿಮ್ಮ ಲಗ್ನಾನ ರದ್ದಾಗತೈತಿ. ಹೊಸದು ಹಚ್ಚತೀವಿ. ಹೊಸ ತಿಂಗಳು ಎಣಸಬೇಕು."

"ನಾ ಹಚ್ಚೀನ್ರೀ ಸಾಹೇಬ್ರ! ನನ್ನ ಹಿಡಕೊಂಡು ಹೋಗ್ರಿ! ಆ ಹುಡುಗಿ ಏನ್ ಮಾಡ್ಯಾಳ?" ಎಂದು ಅತ್ತೆ ಎದೆ ಬಡಿದುಕೊಂಡರು. ಒಳಗಿದ್ದ ದೊಡ್ಡ ಸಾಹೇಬರೂ ಅದೇ ಮಾತು ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಹೊಸ ತಿಂಗಳು ಎಂದರೆ ಪರವಾನಗಿಯ ಮುದ್ದತು ಮುಗಿದು ಎಷ್ಟೋ ದಿನವಾದ ಮೇಲೆ. ಗೋವೆಯವರು ರಾಯಚೂರಿಗೆ ಹೋಗಿ, ಇನ್ನೊಂದು ತಿಂಗಳು ಕೊಡಿ ಎಂದು ಕೈಮುಗಿದರು. ಗಡಿಯ ಗಲಾಟೆ ಜೋರಾಗಿದ್ದ ದಿನಗಳು. ಯಾರೂ ಕೊಡಲಿಲ್ಲ.

ಕೊನೆಯ ಸಲ ಬಂದಾಗಲೂ ಆತ ಕಟ್ಟೆಯ ಮೇಲೆಯೇ ಕೂತರು. ಬಾಯಿಬಿಟ್ಟು ಕರೆದೇ ಬಿಟ್ಟರು ನರ್ಸಬಾಯಿ, "ಇವತ್ತರ ಒಳಗ ಬರ್ರಿ" ಎಂದು. ಆತ ಬರಲಿಲ್ಲ, ತಲೆಯಲ್ಲಾಡಿಸಿದರು. ಬ್ರೆಡ್ಡಿನ ಗಂಟನ್ನು ಅತ್ತೆಯ ಕೈಗೆ ಕೊಟ್ಟರು. ಈ ಸಲ ಅತ್ತೆ ಎರಡೂ ಕೈಯಿಂದ ತೆಗೆದುಕೊಂಡು ದೇವರ ಜಗಲಿಯ ಮೇಲಿಟ್ಟರು. ಯಾರೂ ತಿನ್ನಲಿಲ್ಲ. ಅದು ಕಲ್ಲಾಗುವ ತನಕ ಅಲ್ಲೇ ಇತ್ತು.

ಗೋವೆಯಿಂದ ಒಂದೆರಡು ಪತ್ರ ಬಂದವು. ಆಮೇಲೆ ಅವೂ ನಿಂತವು...

ಅತ್ತೆ ಅದಾದ ಮೇಲೆ ಮೊದಲಿನಂತಾಗಲಿಲ್ಲ. ಮರುವರ್ಷ ವಿಷಮಶೀತ ಜ್ವರ ಹಿಡಿಯಿತು. ನರ್ಸಬಾಯಿ ಹಗಲೆಲ್ಲ ದವಾಖಾನೆಯಲ್ಲಿ ದುಡಿದು ಬಂದು, ಹಾಸಿಗೆಯ ಪಕ್ಕ ಕೂತು, ಸಿಂಧನೂರಿನ ಭಟ್ಟಿಯಿಂದ ತರಿಸಿದ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಅತ್ತೆ ಎರಡು ತುತ್ತು ನುಂಗಿ ಅವರ ಕೈ ಹಿಡಿದುಕೊಂಡರು.

"ಕೊನೀಗೂ ನನಗ ಜ್ವರ ಬಂತು ನೋಡವ್ವ... ನನ್ನ ಮ್ಯಾಲ ಸಿಟ್ಟೈತೇನು?"

ನರ್ಸಬಾಯಿ ಚಮಚ ಕೆಳಗಿಟ್ಟರು.

"ಸಿಟ್ಟು ಎಲ್ಲಿಂದ ತರಲಿ ಯವ್ವಾ? ಗಂಡ ಸತ್ತಾಕಿ ಅಂತ ನಮ್ಮವ್ವ ಸುದ್ದಾ ನನಗ ಅರಿಷಿಣ ಮುಟ್ಟಾಕ ಕೊಡಲಿಲ್ಲ. ನನ್ನ ಹೆಸರಿಗೆ ಅರಿಷಿಣ ಹಚ್ಚಿದವರು ನೀವೊಬ್ಬರ."

ಅತ್ತೆ ಆ ಜ್ವರದಿಂದ ಏಳಲಿಲ್ಲ. ಚಳಿಗಾಲದ ಹೊತ್ತಿಗೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ನೌಕರರೆಲ್ಲ ಎಲ್ಲೆಲ್ಲಿಗೋ ಬದಲಿಯಾದರು. ನರ್ಸಬಾಯಿಯೂ ಒಂದು ತಗಡಿನ ಟ್ರಂಕು ಹಿಡಿದು ಬಸ್ಸು ಹತ್ತಿದರು. ಮುಂದೆ ಗೋವೆ ಬಿಡುಗಡೆಯಾದ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕಟ್ಟೆ. ಆತ ಬಂದರೋ, ಇವರು ಎಲ್ಲಿದ್ದರೋ, ಇಬ್ಬರೂ ಕೂಡಿದರೋ... ಗೊತ್ತಿದ್ದವರನ್ನೆಲ್ಲ ಕೇಳಿದೆ. ಹೇಳುವವರು ಸಿಗಲಿಲ್ಲ. ಈಗ ಕೇಳುವುದಕ್ಕೂ ಯಾರೂ ಉಳಿದಿಲ್ಲ. ನರ್ಸಬಾಯಿ ತೀರಿ ಹೋಗಿಯೇ ಇರಬೇಕು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು.

ಸೊಸೆ ಕಾರ್ಡು ಒಳಗೆ ಒಯ್ಯುತ್ತ ನನ್ನ ಬೆರಳು ನೋಡಿ, ತೊಳಕೊಳ್ರಿ ಅತ್ತಿ ಎಂದಳು. ಹೂಂ ಎಂದೆ, ಏಳಲಿಲ್ಲ. ನಮ್ಮ ಮನೆಯಲ್ಲೂ ನಾಲ್ಕಾರು ಮದುವೆಗಳಾದವು, ಕಾರ್ಡಿನ ಕಟ್ಟು ಬಂದಾಗಲೆಲ್ಲ ಅರಿಶಿನ ಹಚ್ಚುವ ಕೆಲಸ ನನಗೇ ಬಂತು. ಅಜ್ಜಿ ಹಚ್ಚಿದ್ದು ನಿಲ್ಲುವುದಿಲ್ಲ, ಉದುರಿ ಹೋಗುತ್ತದೆ ಎಂದು ಮೊಮ್ಮಕ್ಕಳು ರೇಗಿಸುತ್ತಾರೆ. ಉದುರಿದರೆ ಉದುರಲಿ. ನಾನು ಒಣ ಅರಿಶಿನವನ್ನೇ ಹಚ್ಚುತ್ತೇನೆ. ಅದಕ್ಕೆ ನೀರು ಹಾಕುವುದಿಲ್ಲ.