ಖಾಲಿ ಎಂದು ಬರೆದ ಊರು

ಯೂನುಸ್ ಭಾಯ್ ಕೂತಲ್ಲಿ ಕೂರುವ ಪೈಕಿಯವರಲ್ಲ. ಪುಚೊಂಗ್‌ನಿಂದ ಸೈಬರ್‌ಜಯಾಕ್ಕೆ ನಾನು ದಿನಾ ಅವರ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಸಿಗ್ನಲ್ ಬಿದ್ದರೆ ಸಾಕು, ಸ್ಟೀರಿಂಗ್ ಮೇಲೆ ಬೆರಳು ಕುಟ್ಟುವುದು, ಕಿಟಕಿ ಇಳಿಸುವುದು, ಏರಿಸುವುದು, ಮುಂದಿನ ಲಾರಿಯವನಿಗೆ ಕೇಳಿಸದ ಹಾಗೆ ಬೈಯುವುದು. ಮಾಮಕ್ ಎಂಬ ಇಲ್ಲಿನ ಚಹಾದಂಗಡಿಯಲ್ಲಿ ಚಹಾ ಹೇಳಿದರೆ ಅದು ಮೇಜಿಗೆ ಬರುವಷ್ಟರಲ್ಲಿ ತಾವೇ ಎರಡು ಸಲ ಎದ್ದು ಹೋಗಿ ವಿಚಾರಿಸಿ ಬರುತ್ತಿದ್ದರು.

"ನಿಮ್ಮನ್ನ ಸಹಿಸ್ಕೊಂಡಿರೋ ನಿಶತ್‌ಗೆ ಒಂದು ಪದಕ ಕೊಡ್ಬೇಕು ಕಣ್ರೀ," ಎಂದು ಅವರ ಹೆಂಡತಿಯ ಹೆಸರೆತ್ತಿದರೂ ಬೇಜಾರೇ ಇಲ್ಲ.

"ಪದಕ ತಗೊಂಡು ಆಕಿ ಏನ್ ಮಾಡ್ತಾಳ್ರಿ ಅಕ್ಕಾರ? ಒಂದ್ ಹಗ್ಗಾ ಕೊಡ್ರಿ, ನನ್ನ ಕಾಲಿಗೆ ಕಟ್ತಾಳ."

ಗದಗದವರು, ಸರ್ವೇ ಓದಿದವರು. ಈ ಮಲಯ್ ದೇಶಕ್ಕೆ ಬಂದದ್ದು ಹೆದ್ದಾರಿ ಅಳೆಯಲು. ರಸ್ತೆ ಮುಗಿದ ಮೇಲೆ ರೈಲುಮಾರ್ಗ, ಅದೂ ಮುಗಿದ ಮೇಲೆ ನಮ್ಮ ಕಂಪನಿ. ಮಗ ಉಜೈರ್ ಇಲ್ಲೇ ಹುಟ್ಟಿದವನು. ಅಪ್ಪ ಕನ್ನಡದಲ್ಲಿ ಬೈದರೆ "ರಿಲ್ಯಾಕ್ಸ್ ಲಾ, ಅಬ್ಬಾ" ಎನ್ನುತ್ತಾನೆ. ಆ ಮನುಷ್ಯ ರಿಲ್ಯಾಕ್ಸ್ ಆದದ್ದನ್ನು ನಾನಂತೂ ಕಂಡಿಲ್ಲ.

ಹಳೆಯ ದಾಖಲೆಗಳನ್ನು ಓದಿ ಕಂಪ್ಯೂಟರ್ ನಕ್ಷೆಗೆ ಏರಿಸುವುದು ನಮ್ಮ ಕಂಪನಿಯ ಕೆಲಸ. ಆ ವರ್ಷ ಬಂದದ್ದು ಬ್ರಿಟಿಷ್ ನೌಕಾಪಡೆಯ ಗುಪ್ತ ವರದಿಗಳು. ನೂರೈವತ್ತು ವರ್ಷದ ಹಿಂದೆ ಈ ಕರಾವಳಿಯಲ್ಲಿ ಫಿರಂಗಿ ಹಡಗುಗಳಲ್ಲಿ ಅಡ್ಡಾಡಿದ ಅಧಿಕಾರಿಗಳು ಬರೆದವು. ಹೆಸರಿಗೆ ನೀರಿನ ಆಳ ಅಳೆಯಲು ಬಂದವರು. ಆದರೆ ಯಾವ ರಾಜನಿಗೂ ಅವನ ತಮ್ಮನಿಗೂ ಆಗಿಬರುವುದಿಲ್ಲ, ಯಾವ ಹೊಳೆಯ ಸುಂಕ ಯಾರ ಕೈಗೆ ಹೋಗುತ್ತದೆ, ಯಾವ ಕಾಡುಜನ ಯಾರಿಗೆ ಹೆದರುತ್ತಾರೆ, ತಂಬಾಕು ಕೊಟ್ಟರೆ ದಾರಿ ತೋರಿಸುವವರು ಯಾರು, ಎಲ್ಲವನ್ನೂ ಬರೆದಿಟ್ಟಿದ್ದರು. ಓದುತ್ತ ನನಗೆ ಮೈ ಉರಿಯುತ್ತಿತ್ತು. ನೆಂಟನಾಗಿ ಬಂದವನು ಬಡಿಸಿದ್ದನ್ನು ಉಣ್ಣುತ್ತಲೇ ನಮ್ಮ ಮನೆಯ ಗೋಡೆಯ ಬಿರುಕು ಎಣಿಸಿದ ಹಾಗೆ.

ಆ ಕೈಬರಹ ಬಿಡಿಸಿ ಓದುವುದು ನನ್ನ ಪಾಲು. ಜಾಗ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸಿ, ಹೋಗಿ ನೋಡಿ, ಸಹಿ ಹಾಕುವುದು ಯೂನುಸ್ ಭಾಯ್ ಪಾಲು.

ಈ ಸಲದ ಗಿರಾಕಿ ಒಂದು ರೆಸಾರ್ಟ್ ಕಂಪನಿ. ಅವರಿಗೆ ಜೊಹೋರ್ ಕಡೆಯ ಒಂದು ಅಳಿವೆ ಬೇಕಿತ್ತು. ಅಲ್ಲಿ ಓರಾಂಗ್ ಅಸ್ಲಿಗಳ, ಅಂದರೆ ಈ ನಾಡಿನ ಮೂಲನಿವಾಸಿಗಳ, ಸಣ್ಣದೊಂದು ಊರು. ಅಜ್ಜ ಮುತ್ತಜ್ಜನ ಕಾಲದಿಂದ ಇದು ನಮ್ಮ ನೆಲ ಎಂದು ಊರಿನವರು ಹೇಳುತ್ತಿದ್ದರು. ಇವರು ಬಂದು ಹೋಗುವ ಜನ, ಇವರಿಗೆಂಥ ನೆಲ ಎಂದು ರೆಸಾರ್ಟಿನವರು. ಭೂಕಚೇರಿಯಲ್ಲಿ ವಿಚಾರಣೆ ನಡೆಯುತ್ತಿತ್ತು. ಅಳಿವೆಯಲ್ಲಿ ಜನ ಆಗ ಇದ್ದರೇ, ಈಗ ಇದ್ದಾರೆಯೇ ಎಂಬುದಕ್ಕೆ ನಮ್ಮ ನಕ್ಷೆಯೇ ದೊಡ್ಡ ಸಾಕ್ಷಿ.

ಯೂನುಸ್ ಭಾಯ್ ಹೋಗಿ ನೋಡಿ ಬಂದರು. ಮನೆಗಳೆಲ್ಲ ಖಾಲಿ, ಒಲೆಗಳಲ್ಲಿ ತಣ್ಣನೆಯ ಬೂದಿ. ಹೊಳೆಯ ಮೇಲ್ಭಾಗದಲ್ಲಿ ಕೆಲವರು ಸಿಕ್ಕಿದರಂತೆ. ಊರು ಯಾಕೆ ಖಾಲಿ ಎಂದು ಇವರು ಮಲಯ್ ಭಾಷೆಯಲ್ಲಿ ಕೇಳಿದ್ದಕ್ಕೆ, "ನಾವು ಈಗ ಅಲ್ಲಿಲ್ಲ" ಎಂದಷ್ಟೇ ಹೇಳಿದರಂತೆ. ಬೇರೆ ಯಾರಾದರೂ ಆಗಿದ್ದರೆ ಎರಡು ಗಳಿಗೆ ಕೂತು ಮಾತಾಡಿಸುತ್ತಿದ್ದರು. ಇವರು ಹೋದ ಕಾಲಲ್ಲೇ ವಾಪಸ್ ಬಂದು, ನಕ್ಷೆಯಲ್ಲಿ "ಖಾಲಿ" ಎಂದು ಬರೆದು, ಸಹಿ ಹಾಕಿ ಕಳಿಸಿಯೇ ಬಿಟ್ಟರು.

ಅದೇ ಅಳಿವೆಯ ಬಗ್ಗೆ ಇದ್ದ ಹಳೆಯ ನೌಕಾಪಡೆ ವರದಿಯ ಒಂದು ಪುಟ ಹುಳ ತಿಂದು ಹಾಳಾಗಿತ್ತು. ಅದನ್ನು ಬಿಡಿಸಿ ಓದಲು ನನಗೆ ಇನ್ನೊಂದು ವಾರ ಹಿಡಿಯಿತು. ಮನೆಗೆ ಹೋಗುವಾಗ ಕಾರಿನಲ್ಲಿ, ಅವರ ಬೆರಳು ಕುಟ್ಟುವ ಸದ್ದು ತಪ್ಪಿಸಲೆಂದೇ, ಅದನ್ನು ಕನ್ನಡದಲ್ಲಿ ಹೇಳತೊಡಗಿದೆ. "ಅಳಿವೆಯಲ್ಲಿ ಮನೆಗಳಿವೆ, ಒಳಗೆ ಯಾರೂ ಇಲ್ಲ. ಮೇಲ್‌ಹೊಳೆಯಲ್ಲಿ ಕಾಡುಜನ ಸಿಕ್ಕಿದರು. ಕೇಳಿದ್ದಕ್ಕೆ ನಾವು ಈಗ ಅಲ್ಲಿಲ್ಲ ಎಂದರು. ಕಾರಣ ಹೇಳಲೊಲ್ಲರು. ಜಾಗ ಖಾಲಿ ಎಂದು ತಿಳಿಯಬಹುದು."

ಕಾರು ಪಕ್ಕಕ್ಕೆ ನಿಂತಿತು. ಹಿಂದಿನವನು ಹಾರ್ನ್ ಹೊಡೆದು ಹೊಡೆದು ಹೋದ.

"ಇನ್ನೊಮ್ಮೆ ಹೇಳ್ರಿ."

ಹೇಳಿದೆ.

"ನನಗೂ ಇದನ್ನ ಅಂದಾರ್ರಿ ಅಕ್ಕಾರ. ಒಂದ್ ಶಬ್ದ ಆಕಡೆ ಈಕಡೆ ಇಲ್ಲ. ಅವನೂ ಖಾಲಿ ಅಂತ ಬರದ, ನಾನೂ ಬರದೆ. ಖಾಲಿ ಇದ್ದದ್ದು ಖರೆ ಆಗಿದ್ರ, ನೂರೈವತ್ತು ವರ್ಷ ಬಿಟ್ಟು ನನಗ ಉತ್ತರ ಕೊಟ್ಟವರು ಯಾರ್ರಿ?"

ಶನಿವಾರ ಇಬ್ಬರೂ ಹೋದೆವು. ಮೇಲ್‌ಹೊಳೆಯಲ್ಲಿ ಹೊಸ ಗುಡಿಸಲುಗಳು. ಊರಿನ ಹಿರಿಯನನ್ನು ಬಾತಿನ್ ಎನ್ನುತ್ತಾರೆ. ಆತ ಸಿಹಿ ಕಾಫಿ ಕೊಟ್ಟು ಸುಮ್ಮನೆ ಕೂತ. ಯೂನುಸ್ ಭಾಯ್ ಕೂಡ ಕೂತರು. ಅಂಗೈ ಉಜ್ಜಿಕೊಂಡರು, ಕಾಲು ಬದಲಿಸಿದರು, ಬೆವರಿದರು, ಆದರೆ ಏಳಲಿಲ್ಲ. ಬಿಸಿಲು ಅಂಗಳ ದಾಟುವ ಹೊತ್ತಿಗೆ ಬಾತಿನ್ ತಾನಾಗಿಯೇ ಬಾಯಿಬಿಟ್ಟ.

"ಒಬ್ಬರು ಹೊರಟುಹೋದರು," ಎಂದ ಮಲಯ್‌ನಲ್ಲಿ. "ಹಾಗಾದಾಗ ಊರನ್ನು ಅವರಿಗೆ ಬಿಟ್ಟುಕೊಟ್ಟು ನಾವು ಮೇಲೆ ಬರುತ್ತೇವೆ. ಒಂದು ಇಡೀ ಮಳೆಗಾಲ ಕಳೆದ ಮೇಲೆ ಹಿಂದಿರುಗುತ್ತೇವೆ. ಅಲ್ಲಿಯವರೆಗೆ ಅದರ ಮಾತು ಹೊರಗಿನವರ ಹತ್ತಿರ ಆಡುವುದಿಲ್ಲ, ಹೋದವರ ಹೆಸರು ಎತ್ತುವುದಿಲ್ಲ. ಎತ್ತಿದವರಿಗೆ ಸೂತಕ ಅಂದಿನಿಂದ ಮತ್ತೆ ಶುರು. ನಿನಗೆ ಇಷ್ಟು ಹೇಳಿದ್ದೇ ಹೆಚ್ಚು."

ಹೇಳುತ್ತ ಆತ ಗದ್ದ ಎತ್ತಿ ಅಂಗಳದ ಮೂಲೆ ತೋರಿಸಿದ. ಅಲ್ಲಿ ಲಿಮಾ ಎಂಬ ಹೆಂಗಸು ನಮಗೆ ಬೆನ್ನು ಹಾಕಿ ಮರಗೆಣಸು ಸುಲಿಯುತ್ತಿದ್ದಳು. ಹೋದದ್ದು ಅವಳ ಮಗಳು. ಜ್ವರವಂತೆ, ಶಾಲೆಗೆ ಹೋಗುವ ಹುಡುಗಿಯಂತೆ.

ಹಿಂದಿರುಗುವ ದಾರಿಯುದ್ದಕ್ಕೂ ನನಗೆ ಆ ಸತ್ತ ಇಂಗ್ಲಿಷಿನವನ ಮೇಲೂ ಪಕ್ಕದಲ್ಲಿ ಕೂತ ಗದಗದವರ ಮೇಲೂ ಒಂದೇ ಸಮ ಸಿಟ್ಟು. ಜನ ಅಳುವ ಹೊತ್ತಿಗೆ ಹೋಗಿ, ಮನೆ ಖಾಲಿ ಎಂದು ಬರೆದುಕೊಂಡು ಬಂದವರು ಇಬ್ಬರೂ.

ಸೋಮವಾರ ಯೂನುಸ್ ಭಾಯ್ ಕಂಪನಿಯಲ್ಲಿ ತಮ್ಮ ಸಹಿ ವಾಪಸ್ ಕೇಳಿದರು. ನಮ್ಮ ಮ್ಯಾನೇಜರ್ ಶ್ರೀಪತಿ ಕುರ್ಚಿಯಿಂದ ಅರ್ಧ ಎದ್ದರು.

"ಗಿರಾಕಿ ಯಾರು ಅಂತ ಮರೆತ್ರಾ ಯೂನುಸ್? ನಿಮ್ ವರ್ಕ್ ಪಾಸ್ ಯಾರ ಕೈಲಿದೆ ಅನ್ನೋದಾದ್ರೂ ನೆನಪಿದ್ಯಾ?"

"ನೆನಪೈತ್ರಿ. ಅದಕ್ಕಽ ನಿದ್ದಿ ಬರವಲ್ದು. ಆದ್ರೂ ವಿಚಾರಣಿಗೆ ಹೋಗಿ ಹೇಳಾಂವ ನಾನು."

ಕೆಲಸ ಹೋಯಿತು. ನಾನು ಅವರ ಮನೆಗೆ ಓಡಿದೆ, ನಿಶತ್ ಅಳುತ್ತಿರಬಹುದು ಎಂದುಕೊಂಡು. ಆಕೆ ಬಟ್ಟೆ ಮಡಚುತ್ತಿದ್ದಳು.

"ಹೇಳಿ ಬರ್ಲಿ ಬಿಡ್ರಿ," ಎಂದಳು. "ಶನಿವಾರದಿಂದ ಮನ್ಯಾಗ ಈ ಮನಿಷ್ಯಾ ಗೋಡಿಯಿಂದ ಗೋಡಿಗೆ ಅಡ್ಡಾಡೂದು ನೋಡ್ಲಿಕ್ಕೆ ಆಗವಲ್ದು. ಬ್ಯಾರೆ ಕೆಲಸ ಸಿಗತದ. ಬ್ಯಾರೆ ಗಂಡ ಎಲ್ಲಿಂದ ತರ್ಲಿ?" ನಗಲು ಹೋದಳು, ಆಗಲಿಲ್ಲ.

ಮತ್ತೆ ವಿಚಾರಣೆಗೆ ಕರೆಯುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ಆ ದಿನ ಊರಿನವರೆಲ್ಲ ಬಂದು ಬೆಂಚುಗಳ ಮೇಲೆ ಇಕ್ಕಟ್ಟಾಗಿ ಕೂತಿದ್ದರು. ಯೂನುಸ್ ಭಾಯ್ ನಿಂತು ಎಲ್ಲ ಹೇಳಿದರು. ನಾನು ಬರೆದದ್ದು ತಪ್ಪು, ಹಳೆಯ ಅಧಿಕಾರಿ ಬರೆದದ್ದೂ ಇದೇ ತಪ್ಪು, ಊರು ಖಾಲಿಯಾದದ್ದು ಸಾವಿನ ಪದ್ಧತಿಯಿಂದ, ಮಳೆಗಾಲ ಕಳೆದರೆ ಜನ ಬರುತ್ತಾರೆ. ಇಷ್ಟು ಹೇಳಿದರೆ ಮುಗಿಯಿತು ಎಂದುಕೊಂಡಿದ್ದರು ಪಾಪ.

"ಯಾರು ಸತ್ತದ್ದು?" ರೆಸಾರ್ಟಿನ ವಕೀಲ ಕೇಳಿದ.

"ಒಬ್ಬ ಹುಡುಗಿ."

"ಹೆಸರು?"

"ನನಗೆ ಗೊತ್ತಿಲ್ಲ. ಇವರು ಹೇಳುವ ಹಾಗಿಲ್ಲ."

"ಶವ ನೋಡಿದ್ದೀರಾ? ಗೋರಿ?"

"ಇಲ್ಲ."

"ಹಾಗಾದರೆ ಯಾರೋ ಹೇಳಿದ್ದನ್ನು ತಂದು ಇಲ್ಲಿ ಒಪ್ಪಿಸುತ್ತಿದ್ದೀರಿ. ನಿಮ್ಮ ಸಹಿ ಇರುವ ನಕ್ಷೆ ಖಾಲಿ ಎನ್ನುತ್ತದೆ." ವಕೀಲ ಭೂಕಚೇರಿಯ ಅಧಿಕಾರಿಯ ಕಡೆ ತಿರುಗಿದ. "ಸತ್ತವರಿದ್ದರೆ ಅವರಿಗೊಂದು ಹೆಸರಿರಬೇಕು, ಸ್ವಾಮಿ. ಮನೆಯವರು ಯಾರಾದರೂ ಹೇಳಲಿ."

ಅಧಿಕಾರಿ ಕೆಟ್ಟವರೇನಲ್ಲ. ಬೆಂಚುಗಳ ಕಡೆ ನೋಡಿದರು, ಕಾದರು. ಬಾತಿನ್ ನೆಲ ನೋಡುತ್ತಿದ್ದ. ಯೂನುಸ್ ಭಾಯ್ ಮಾತ್ರ "ಅವರನ್ನು ಕೇಳಬೇಡಿ, ನನ್ನನ್ನು ಕೇಳಿ" ಎನ್ನುತ್ತಲೇ ಇದ್ದರು. ಅವರನ್ನು ಕೂರಿಸಿದರು.

ಲಿಮಾ ಎದ್ದು ನಿಂತಳು. ಮಗಳ ಹೆಸರು ಹೇಳಿದಳು. ಊರಿನ ಹೆಂಗಸರು ಕಿವಿ ಮುಚ್ಚಿಕೊಂಡರು. ಬರೆದುಕೊಳ್ಳುವ ಗುಮಾಸ್ತ ತಲೆ ಎತ್ತಿ, "ಕೇಳಿಸಲಿಲ್ಲ, ಇನ್ನೊಮ್ಮೆ ಜೋರಾಗಿ," ಎಂದ. ಆಕೆ ಇನ್ನೊಮ್ಮೆ ಜೋರಾಗಿ ಹೇಳಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ನಕ್ಷೆಯಿಂದ "ಖಾಲಿ" ಎಂಬುದು ಹೋಯಿತು, ಮೊಕದ್ದಮೆ ಮಾತ್ರ ತೀರ್ಮಾನವಾಗದೆ ಉಳಿಯಿತು. ಹೊರಗೆ ಬಂದು ಯೂನುಸ್ ಭಾಯ್ ಕಾರಿನ ಬಾಗಿಲು ಹಿಡಿದುಕೊಂಡು ಅತ್ತರು. ನಾನು ಬೇರೆ ಕಡೆ ನೋಡುತ್ತ ನಿಂತೆ.

ಮಳೆಗಾಲ ಮುಗಿಯಿತು. ಊರಿನವರು ಅಳಿವೆಗೆ ಇಳಿದು ಬಂದು ಮನೆಗಳ ಗರಿ ಬದಲಿಸಿದರು, ಒಲೆ ಹಚ್ಚಿದರು. ಲಿಮಾ ಬರುವ ಹಾಗಿರಲಿಲ್ಲ. ಅವಳ ಸೂತಕ ವಿಚಾರಣೆಯ ದಿನದಿಂದ ಮತ್ತೆ ಶುರುವಾಗಿತ್ತಲ್ಲ, ಇನ್ನೊಂದು ಇಡೀ ಮಳೆಗಾಲ ಕಳೆಯಬೇಕಿತ್ತು. ಅವಳು ಮೇಲ್‌ಹೊಳೆಯಲ್ಲಿ ಒಬ್ಬಳೇ ಉಳಿದಳು.

ಯೂನುಸ್ ಭಾಯ್‌ಗೆ ಸುಬಾಂಗ್ ಜಯಾದ ಒಬ್ಬ ಗುತ್ತಿಗೆದಾರನ ಹತ್ತಿರ ಕೆಲಸ ಸಿಕ್ಕಿತು, ಮಾಲ್‌ಗಳ ಪಾರ್ಕಿಂಗ್ ಅಳೆಯುವುದು. ವರ್ಕ್ ಪಾಸನ್ನೂ ಅವನೇ ಮಾಡಿಸಿದ, ಸಂಬಳ ಮಾತ್ರ ಕಡಿಮೆ. ರಜೆ ಸಿಕ್ಕರೆ ಸಾಕು, ನಿಶತ್ ಮಾಡಿದ ಬಿರಿಯಾನಿ ಕಟ್ಟಿಕೊಂಡು ಜೊಹೋರ್ ದಾರಿ ಹಿಡಿಯುತ್ತಾರೆ. ಹೋಗಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. "ಏನಿಲ್ರಿ. ಆಕಿ ಗೆಣಸು ಸುಲೀತಾಳ, ನಾನು ಕುಂಡ್ರತೇನಿ," ಎಂದರು.

ಅವಳ ಗಡುವು ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಅಧಿಕಾರಿಗೆ ವರ್ಗವಾಯಿತು. ಹೊಸದಾಗಿ ಬಂದವರು, ನಾನು ಕೇಳದ ಸಾಕ್ಷಿ ನನಗೆ ಸಾಕ್ಷಿಯಲ್ಲ, ಎಲ್ಲವನ್ನೂ ಮೊದಲಿನಿಂದ ಕೇಳುತ್ತೇನೆ ಎಂದರು. ಸುದ್ದಿ ಮುಟ್ಟಿಸಲು ಯೂನುಸ್ ಭಾಯ್ ನನ್ನನ್ನೂ ಕರೆದುಕೊಂಡು ಹೋದರು. ಲಿಮಾ ಅಳಿವೆಗೆ ಒಯ್ಯಲೆಂದು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಇವರು ತಡವರಿಸುತ್ತ ಹೇಳಿ ಮುಗಿಸುವವರೆಗೆ ಕೇಳಿದಳು, ಆಮೇಲೆ ಒಂದೊಂದೇ ಪಾತ್ರೆ ಹೊರತೆಗೆದು ಮತ್ತೆ ಕಟ್ಟೆಯ ಮೇಲೆ ಜೋಡಿಸಿದಳು.

"ಬರುತ್ತೇನೆ," ಎಂದಳು. "ಆದರೆ ಈ ಸಲ ಒಮ್ಮೆ ಮಾತ್ರ ಹೇಳುತ್ತೇನೆ. ಸರಿಯಾಗಿ ಕೇಳಿಸಿಕೊಳ್ಳಬೇಕು ಅಂತ ಅವರಿಗೆ ಮೊದಲೇ ಹೇಳು."