ಎಂಬತ್ತು ಸೆಂಟಿಮೀಟರ್

ನಮ್ಮ ಬೆಟ್ಟದೂರು ಹಿಂಟರ್‌ಮೋಸಿನಲ್ಲಿ ಸ್ಕೀ ಆಡಲು ಬರುವವರಿಗೆ ಹಿಮದ ವರದಿ ಹೇಳುತ್ತಿದ್ದವಳು ಕ್ರೆಸೆನ್ಸ್. ಊರಿನವರ ಬಾಯಲ್ಲಿ ಸೆನ್ಸಿ. ಬೆಳಿಗ್ಗೆ ಆರಕ್ಕೆ ಎದ್ದು, ತೀರಿಹೋದ ಗಂಡನ ಬೂಟು ಮೆಟ್ಟಿಕೊಂಡು, ಅಳತೆಕೋಲು ಹಿಡಿದು ಇಳಿಜಾರು ಹತ್ತುವಳು. ಮೂರು ಕಡೆ ಕೋಲು ಊರಿ ನೋಡಿ, ಮೂರರಲ್ಲಿ ಎಲ್ಲಿ ಕಡಿಮೆಯೋ ಅದನ್ನೇ ಬರೆದುಕೊಳ್ಳುವಳು. ಅಕ್ಕಪಕ್ಕದ ಊರುಗಳಲ್ಲಿ ಗಾಳಿ ಹಿಮವನ್ನು ಗುಡ್ಡೆ ಹಾಕಿದ ಜಾಗ ಹುಡುಕಿ ಅಲ್ಲಿ ಅಳೆಯುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಆಮೇಲೆ ಸ್ಕೀ ಆಡುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ಕಚೇರಿಗೆ ಬಂದು, ಫೋನಿಗೆ ಜೋಡಿಸಿದ ಟೇಪಿನಲ್ಲಿ ವರದಿ ಮುದ್ರಿಸುವಳು. ಎಲ್ಲಿಂದ ಯಾರು ಫೋನ್ ಮಾಡಿದರೂ ದಿನವಿಡೀ ಅದೇ ದನಿ: "ಮೇಲೆ ನಲವತ್ತು, ಕೆಳಗೆ ಹದಿನೈದು ಸೆಂಟಿಮೀಟರ್. ಮಧ್ಯಾಹ್ನದ ಮೇಲೆ ಹಿಮ ಗಂಜಿ ಆಗತ್ತೆ, ಬೇಗ ಬನ್ನಿ. ಕಾಡಿನ ದಾರೀಲಿ ಕಲ್ಲು ಎದ್ದಿದೆ, ಹಳೇ ಸ್ಕೀ ತನ್ನಿ. ಹೊಸದು ತಂದು ಆಮೇಲೆ ನನ್ನ ಬೈಬೇಡಿ."

ನಾನು ಆ ಲಿಫ್ಟಿನ ಮೋಟಾರು ನೋಡಿಕೊಳ್ಳುವವನು, ಅವಳ ಪಕ್ಕದ ಮನೆಯವನು. ಇಪ್ಪತ್ತು ವರ್ಷ ಅವಳಿಂದ ಬೈಸಿಕೊಂಡಿದ್ದೇನೆ. ಅವಳ ಕಥೆ ಹೇಳಲು ನನಗಿಂತ ಯೋಗ್ಯ ಯಾರಿದ್ದಾರೆ?

ಅವಳ ತಮ್ಮ ಎಂಗೆಲ್‌ಬರ್ಟನದು ಚರ್ಚಿನ ಎದುರಿನ ಹೋಟೆಲು. ಹಿಮ ತೆಳ್ಳಗಾದಾಗಲೆಲ್ಲ ಹಲ್ಲು ಗಿಂಜಿಕೊಂಡು ಬರುವನು.

"ಅಕ್ಕ, ಒಂದಿಪ್ಪತ್ತು ಸೇರಿಸಿ ಹೇಳಿದ್ರೆ ನಿನ್ನ ಗಂಟೇನು ಹೋಗತ್ತೆ?"

"ಹಿಮ ಏನು ನಿನ್ನ ಹೋಟ್ಲಿನ ಸೂಪೇನೋ, ಜನ ಜಾಸ್ತಿ ಬಂದ್ರು ಅಂತ ನೀರು ಸೇರ್ಸೋಕೆ?"

ಅವನು ಬಾಲ ಮುದುರಿಕೊಂಡು ಹೋಗುವನು. ಒಂದೇ ಒಂದು ಸೆಂಟಿಮೀಟರ್ ಕೂಡ ಅವಳು ಸೇರಿಸಿದವಳಲ್ಲ.

ಇನ್ನು ಆ ಎಗ್ಲೆಯವರ ವಿಷಯ. ಜರ್ಮನಿಯ ಊಲ್ಮ್‌ನಲ್ಲಿ ಬಸ್ ಓಡಿಸುತ್ತಿದ್ದ ವಿಧುರ. ಶುಕ್ರವಾರ ಸೆನ್ಸಿಯ ಟೇಪು ಕೇಳುವುದು, ಹಿಮ ಚೆನ್ನಾಗಿದ್ದರೆ ಶನಿವಾರ ಬರುವುದು. ಟಿಕೆಟ್ ಕೊಡುವವಳೂ ಸೆನ್ಸಿಯೇ ಆದ್ದರಿಂದ ಕಿಂಡಿಯ ಮುಂದೆ ಹತ್ತು ನಿಮಿಷ ಹಿಮದ ಮಾತು. ಹಿಂದೆ ಸಾಲು ನಿಂತವರು ಕೆಮ್ಮಿದರೂ ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ಹೀಗೆ ಹನ್ನೊಂದು ವರ್ಷ.

ಎಂಬತ್ತೊಂಬತ್ತನೇ ಇಸವಿಯ ವಸಂತದಲ್ಲಿ ಅವರು ಹೊರಡುವಾಗ, "ಮುಂದಿನ ಚಳಿಗಾಲಕ್ಕೆ ನಿವೃತ್ತಿ ಆಗತ್ತೆ. ಜನವರಿ ಕಳೆದ ಮೇಲೆ ದೂರದ ಹ್ಯಾಂಬರ್ಗಿಗೆ, ಮಗಳ ಹತ್ರ ಇರೋಕೆ" ಎಂದರು. "ಅಷ್ಟರೊಳಗೆ ಹಿಮ ಬಿದ್ರೆ ಖಂಡಿತ ಬರ್ತೀನಿ."

ಆ ಚಳಿಗಾಲ ಹಿಮವೇ ಬೀಳಲಿಲ್ಲ. ಕ್ರಿಸ್‌ಮಸ್ಸಿಗೆ ಹುಲ್ಲು ಹಸಿರಾಗಿತ್ತು. ಜನವರಿಯಲ್ಲಿ ಪಾದ್ರಿಯವರ ಕೋಳಿಗಳು ಸ್ಕೀ ಇಳಿಜಾರಿನಲ್ಲಿ ಹುಳ ಹೆಕ್ಕುತ್ತಿದ್ದವು. ಸೆನ್ಸಿ ದಿನಾ ಕೋಲು ಹಿಡಿದು ಹತ್ತುವಳು, ಕೆಸರು ಮೆತ್ತಿದ ಬೂಟಿನಲ್ಲಿ ಇಳಿದು ಬಂದು "ಮೇಲೆ ಸೊನ್ನೆ, ಕೆಳಗೆ ಸೊನ್ನೆ" ಎಂದು ಟೇಪಿಗೆ ಹೇಳುವಳು.

"ಆ ಎಗ್ಲೆಯವ್ರ ಫೋನ್ ನಂಬರ್ ಕೇಳ್ಕೊಂಡಿದ್ರೆ ಈ ಪಾಡು ಇರ್ತಿತ್ತೇನೆ?" ಎಂದು ನಾನು ಕೆಣಕಿದೆ.

"ಹನ್ನೊಂದು ವರ್ಷ ಹಿಮದ್ದು ಬಿಟ್ಟು ಬೇರೆ ಮಾತಾಡಿಲ್ಲ. ಇದ್ದಕ್ಕಿದ್ದ ಹಾಗೆ ನಂಬರ್ ಕೊಡಿ ಅಂದ್ರೆ ಏನಂದ್ಕೊಳ್ತಾರೆ?"

"ಇರೋದನ್ನೇ ಅಂದ್ಕೊಳ್ತಾರೆ."

ಕೈಗವಸು ಬಂದು ನನ್ನ ಮುಖಕ್ಕೆ ಬಡಿಯಿತು.

ಜನವರಿಯ ಕೊನೆಯ ಶುಕ್ರವಾರ ಮೋಟಾರಿಗೆ ಎಣ್ಣೆ ಹಾಕಲು ಹೋದವನಿಗೆ ತೆರೆದ ಬಾಗಿಲಿಂದ ಅವಳ ದನಿ ಕೇಳಿಸಿತು. "ಮೇಲೆ ನೂರಿಪ್ಪತ್ತು, ಕೆಳಗೆ ಎಂಬತ್ತು ಸೆಂಟಿಮೀಟರ್. ಹಿಟ್ಟಿನಂಥ ಹಿಮ. ಹೊಸ ಸ್ಕೀನೇ ತನ್ನಿ."

ನಾನು ಹೊರಗೆ ನೋಡಿದೆ. ಕೋಳಿಗಳು ಅಲ್ಲೇ ಇದ್ದವು.

"ಸೆನ್ಸಿ, ತಲೆ ನೆಟ್ಟಗಿದೆಯಾ? ಅಳಿಸು ಅದನ್ನ."

"ಅಳಿಸಲ್ಲ."

"ಊರಿನ ಮಾನ ಹೋಗತ್ತೆ ಕಣೇ."

"ಊರಿಗಾಗಿ ಇಪ್ಪತ್ತು ವರ್ಷ ನಿಜ ಹೇಳಿದೀನಿ," ಎಂದಳು. "ಇದೊಂದು ನನಗೆ." ಟೇಪಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು. ಅವಳನ್ನು ಹಾಗೆ ನಾನು ಕಂಡೇ ಇರಲಿಲ್ಲ. ಅಯ್ಯೋ ಪಾಪ ಅನ್ನಿಸಿ ಎಣ್ಣೆ ಡಬ್ಬಿ ಎತ್ತಿಕೊಂಡು ಮೋಟಾರಿನ ಕಡೆ ಹೋದೆ.

ಶನಿವಾರ ಒಂಬತ್ತು ಗಂಟೆಗೆ ನಲವತ್ತು ಕಾರುಗಳು, ತಲೆಯ ಮೇಲೆ ಹೊಸ ಸ್ಕೀ ಹೊತ್ತು ಬಂದವು. ಎಂಗೆಲ್‌ಬರ್ಟ್ ಮೊದಲು ಕೈ ಉಜ್ಜಿಕೊಂಡ, ಆಮೇಲೆ ತಲೆ ಮೇಲೆ ಕೈ ಹೊತ್ತುಕೊಂಡ. ಜನ ಅವನನ್ನೇ ಮುತ್ತಿಕೊಂಡು ಕಳ್ಳ, ಮೋಸಗಾರ ಎಂದು ಬಾಯಿಗೆ ಬಂದಂತೆ ಬೈಯತೊಡಗಿದರು. ಆಗ ಸೆನ್ಸಿ ಟಿಕೆಟ್ ಗೂಡಿನ ಮೆಟ್ಟಿಲ ಮೇಲೆ ಬಂದು ನಿಂತಳು.

"ಸುಳ್ಳು ಹೇಳಿದ್ದು ನಾನು. ಅವನೂ ಅಲ್ಲ, ಲಿಫ್ಟಿನವರೂ ಅಲ್ಲ. ನಾನೊಬ್ಬಳೇ."

ಮುದುಕರೊಬ್ಬರು, "ಎಲ್ಲ ಊರಿನವರೂ ಸುಳ್ಳು ಹೇಳ್ತಾರೆ, ನಿಮ್ಮೊಬ್ಬರ ಮಾತು ನಂಬಿ ಮೊಮ್ಮಕ್ಕಳನ್ನ ಕರ್ಕೊಂಡು ಬಂದೆನಲ್ಲಮ್ಮ" ಎಂದರು. ಬೈದವರ ಮುಂದೆ ತಲೆಯೆತ್ತಿ ನಿಂತಿದ್ದವಳು ಈ ಮಾತಿಗೆ ತಲೆ ತಗ್ಗಿಸಿದಳು. ಆದರೂ ಅವಳ ಕಣ್ಣು ಒಂದೊಂದೇ ಕಾರನ್ನು ನೋಡುತ್ತಿತ್ತು. ಎಗ್ಲೆಯವರು ಯಾವುದರಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರುಗಳೆಲ್ಲ ಹೋದವು. ಅವಳು ಕಚೇರಿಯ ಬೀಗದಕೈ ತಂದು ತಮ್ಮನ ಮುಂದಿಟ್ಟಳು. "ಇದನ್ನ ಲಿಫ್ಟಿನವರಿಗೆ ಕೊಡು, ಸೋಮವಾರದಿಂದ ವರದಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳು. ನನ್ನ ಮಾತಿಗೆ ಇನ್ನು ಬೆಲೆ ಇಲ್ಲ." ಎಂಗೆಲ್‌ಬರ್ಟ್ ಬೈಯಬೇಕೆಂದೇ ಕಾದಿದ್ದವನು, ಅಕ್ಕನ ಮುಖ ನೋಡಿ ಬೀಗದಕೈ ಜೇಬಿಗಿಳಿಸಿ ಹೋಟೆಲಿನ ಕಡೆ ಹೊರಟ. ನನಗಂತೂ ಬಾರದೆಹೋದ ಆ ಊಲ್ಮಿನ ಬಸ್ಸಿನವನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಗಂಟೆಯ ಬಸ್ಸು ಬಂತು. ಎಗ್ಲೆಯವರು ಇಳಿದರು. ಮಿರಿಮಿರಿ ಹೊಳೆಯುವ ಪೇಟೆಯ ಬೂಟು, ಇಸ್ತ್ರಿ ಹಾಕಿದ ಕೋಟು, ಕೈಯಲ್ಲೊಂದು ಪುಟ್ಟ ಚೀಲ. ಸ್ಕೀ ಇರಲಿಲ್ಲ.

ಟಿಕೆಟ್ ಗೂಡಿನಲ್ಲಿ ತನ್ನ ಸಾಮಾನು ಕಟ್ಟುತ್ತಿದ್ದ ಸೆನ್ಸಿ ಕಿಂಡಿಯ ಒಳಗಿಂದಲೇ, "ಕ್ಷಮಿಸಿ. ಹಿಮ ಇಲ್ಲ. ನಿಮಗೂ ಸುಳ್ಳು ಹೇಳ್ಬಿಟ್ಟೆ" ಎಂದಳು.

"ಗೊತ್ತು," ಎಂದರು ಅವರು. "ನಿನ್ನೆ ಸುತ್ತಲಿನ ಮೂರು ಊರಿಗೂ ಫೋನ್ ಮಾಡಿದೆ. ಸುಳ್ಳು ಹೇಳೋರೇ ಹಿಮ ಇಲ್ಲ ಅಂತಿದಾರೆ, ನೀವು ಎಂಬತ್ತು ಅಂತೀರಿ. ಹಾಗಾದ್ರೆ ಯಾರನ್ನೋ ಕರೀತಿದೀರಿ ಅಂದ್ಕೊಂಡೆ."

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನನ್ನನ್ನೇ ಇರ್ಬೋದು ಅಂತ ಬಂದೆ. ಅಲ್ಲದಿದ್ರೆ ಹೇಳಿ, ನಾಲ್ಕು ಗಂಟೆಗೆ ವಾಪಸ್ ಬಸ್ಸಿದೆ."

ಸೆನ್ಸಿ ಕಿಂಡಿಯ ಹಲಗೆ ಎಳೆದು ಮುಚ್ಚಿ, ಬಾಗಿಲು ತೆಗೆದು ಹೊರಗೆ ಬಂದಳು. ಅವರ ಎದುರು ಅವಳು ಕಿಂಡಿಯಿಲ್ಲದೆ ನಿಂತದ್ದು ಅದೇ ಮೊದಲು.

"ಊಟ ಆಯ್ತಾ?" ಎಂದು ಕೇಳಿದಳು.

"ಇಲ್ಲ."

"ಬನ್ನಿ, ಮನೆಗೆ ಹೋಗೋಣ."