ಸತ್ತ ರಾಣಿಗೆ ವನ್ಸ್ ಮೋರ್

ನನ್ನ ಗಂಡ ನನಗಿಂತ ಚೆನ್ನಾಗಿ ಸೀರೆ ಉಡುತ್ತಿದ್ದರು. ಹೀಗಂದರೆ ಈಗಿನ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗಲಿ, ಬಿಡಿ. ಆ ಕಾಲದಲ್ಲಿ ನಂಜನಗೂಡಿನ ಹೆಂಗಸರು ಯಾರೂ ನಗುತ್ತಿರಲಿಲ್ಲ. ಹೊಳೆಯಿಂದ ನೀರು ತರುವಾಗ ನನ್ನನ್ನು ದಾರಿಯಲ್ಲಿ ನಿಲ್ಲಿಸಿಕೊಂಡು, "ರೀ, ನಿಮ್ಮೆಜಮಾನ್ರು ಆ ಸೆರಗನ್ನ ಹೆಗಲ ಮೇಲೆ ಹೇಗೆ ತಗೋತಾರೆ, ಒಂಚೂರು ತೋರ್ಸಿ" ಅನ್ನುತ್ತಿದ್ದರು. ನಾನು ಕೊಡ ಕೆಳಗಿಟ್ಟು ತೋರಿಸಬೇಕು. ತೋರಿಸಿದರೆ ಅದು ಸರಿಯಾಗಿ ಬರುತ್ತಿರಲಿಲ್ಲ. ನಮ್ಮತ್ತೆಯಂತೂ "ಗಂಡನ್ನ ನೋಡಿಯಾದ್ರೂ ಹೆಂಗಸಾಗೋದು ಕಲಿಯೇ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಅಂದುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮವರು ನಾಟಕದ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದರು. ಆಗ ರಾಣಿಯಾಗಲಿ, ಸಖಿಯಾಗಲಿ, ಗಂಡಸರೇ ಮೀಸೆ ಬೋಳಿಸಿಕೊಂಡು ಮಾಡಬೇಕಿತ್ತು. ನಮ್ಮಪ್ಪ ದೇವಸ್ಥಾನದ ಪಾಕಶಾಲೆಯಲ್ಲಿ ನೈವೇದ್ಯ ಬೇಯಿಸುವವರು, ಮಹಾ ಮಡಿವಂತರು. ಅಳಿಯ ಕಂಪನಿ ಸೇರಿದ ಅಂತ ಗೊತ್ತಾದಾಗ, "ಮುಖಕ್ಕೆ ಬಣ್ಣ ಬಳ್ಕೊಳ್ಳೋನಿಗೆ ಮಗಳನ್ನ ಕೊಟ್ಟು ಕೂತೆನಲ್ಲಪ್ಪಾ" ಎಂದು ಹಣೆ ಚಚ್ಚಿಕೊಂಡವರು, ಎರಡು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ಆಮೇಲೆ ನಮ್ಮವರು ರಾಣಿಯಾದ ನಾಟಕವೊಂದು ಬಂತು ನೋಡಿ, ಅಪ್ಪ ತಾವಾಗಿಯೇ ಬಂದರು. ಬರುವಾಗ ಪಾಕಶಾಲೆಯ ಗೆಳೆಯರನ್ನೂ ಕರೆದುಕೊಂಡು ಬಂದಿದ್ದರು, ಅಳಿಯನನ್ನು ತೋರಿಸುವುದಕ್ಕೆ.

ನಾಟಕದಲ್ಲಿ ರಾಣಿ ಗಂಡನ ಮಾನ ಉಳಿಸಲು ವಿಷ ಕುಡಿಯುತ್ತಾಳೆ. ಕುಡಿದು, ಒಂದು ಹಾಡು ಹಾಡಿ, ಕೊನೆಯ ಸಾಲಿಗೆ ಸರಿಯಾಗಿ ನೆಲಕ್ಕೊರಗಿ ಪ್ರಾಣ ಬಿಡುತ್ತಾಳೆ. ಆ ಹಾಡಿಗೆ ಜನ ಹುಚ್ಚೆದ್ದು ಹೋದರು. ಡೇರೆಯೊಳಗೆ ಅಳದವರಿಲ್ಲ. ಅತ್ತು ಮುಗಿಸಿದ ಮೇಲೆ ಎಲ್ಲರೂ ಸೇರಿ "ವನ್ಸ್ ಮೋರ್!" ಅನ್ನುವರು. ಜನ ವನ್ಸ್ ಮೋರ್ ಅಂದರೆ ಸತ್ತವಳಾದರೂ ಏಳಬೇಕು, ಅದು ಕಂಪನಿಯ ಕಟ್ಟಳೆ. ರಾಣಿ ಎದ್ದು, ಸೆರಗು ಸರಿಮಾಡಿಕೊಂಡು, ಸಭೆಗೆ ಕೈಮುಗಿದು, ಮತ್ತೆ ವಿಷದ ಬಟ್ಟಲು ಎತ್ತುತ್ತಿದ್ದಳು. ಮತ್ತೆ ಹಾಡು, ಮತ್ತೆ ಸಾವು. ಇದರಲ್ಲಿ ನಗುವಂಥದ್ದು ಏನಿದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಆಮೇಲೆ ಆ ಹಾಡು ಪ್ಲೇಟಿಗೆ ಬಂತು. ಕಾಫಿ ಹೋಟೆಲಿನವನು ಗ್ರಾಮಫೋನು ತಂದಿಟ್ಟು ಬೆಳಗಿನಿಂದ ಅದನ್ನೇ ತಿರುಗಿಸತೊಡಗಿದ. ಊದುಬತ್ತಿಯ ಪೊಟ್ಟಣದ ಮೇಲೆ ನಮ್ಮವರ ಚಿತ್ರ, ರಾಣಿಯ ವೇಷದಲ್ಲಿ; ದೇವರ ಮುಂದೆ ಬತ್ತಿ ಹಚ್ಚುವಾಗಲೂ ಗಂಡನ ಮುಖವೇ. ಭಜನೆಯವರು ದೇವರ ಪದಕ್ಕೆ ಅದೇ ಮಟ್ಟು ಹಾಕಿದರು. ದೇವಸ್ಥಾನದ ಮುಂದೆ ಬೇಡುವವರು ಅದನ್ನೇ ಹಾಡಿ ಕೈಯೊಡ್ಡಿದರು. ಎಮ್ಮೆ ಕಾಯುವವನ ಬಾಯಲ್ಲೂ ಅದೇ. ಇದು ಸಾಲದು ಅಂತ ನಮ್ಮವರು ಯಾರು ಕರೆದರೂ ಹೋಗಿ ಹಾಡುವರು. ನಾಮಕರಣವಾ, ಹೊರಟರು. ಮುಂಜಿಯಾ, ಹೊರಟರು. ಅಮಲ್ದಾರರ ಮನೆಯ ಸತ್ಯನಾರಾಯಣ ಪೂಜೆಯಾ, ಕರೆಯುವ ಮೊದಲೇ ಪಂಚೆ ಉಟ್ಟು ತಯಾರು.

"ದಿನಾ ಹೀಗೆ ಹಂಚಿಕೊಂಡು ಬಂದ್ರೆ ಡೇರೆಗೆ ಯಾರು ಬರ್ತಾರೆ?" ಅಂತ ನಾನು ಒಂದು ಸಲ ಅಂದೆ.

"ನಿನಗೇನು ಗೊತ್ತೇ? ಜನಕ್ಕೆ ನನ್ನ ಕಂಡ್ರೆ ಪ್ರಾಣ" ಅಂದರು.

ಪ್ರಾಣವಂತೆ! ರಸಬಾಳೆ ನಮ್ಮೂರಿನದೇ, ಒಪ್ಪಿದೆ, ಆದರೆ ಮೂರು ಹೊತ್ತೂ ಅದನ್ನೇ ಎಲೆಗೆ ಬಡಿಸಿದರೆ ಯಾರು ತಾನೇ ತಿಂದಾರು? ಮೊದಲು ನನಗೆ ತಿಳಿದದ್ದು ಒಂದು ಮದುವೆಮನೆಯಲ್ಲಿ. ಓಲಗದವರು ಧಾರೆಯ ಹೊತ್ತಿಗೆ ಅದೇ ಹಾಡನ್ನು ಹಿಡಿದರು. ಹುಡುಗಿಯ ಸೋದರಮಾವ ಎದ್ದು ನಿಂತು, "ಥೂ, ನಿಲ್ಲಿಸ್ರಯ್ಯಾ ಅದನ್ನ! ಶುಭಕಾಲದಲ್ಲಿ ಸಾಯೋ ಹಾಡು ಬಾರಿಸ್ತೀರಲ್ಲ, ಕೇಳಿ ಕೇಳಿ ಕಿವಿ ತೂತು ಬಿದ್ದಿದೆ" ಎಂದು ರೇಗಿದರು. ಚಪ್ಪರದಲ್ಲಿದ್ದವರೆಲ್ಲ ಗೊಳ್ಳೆಂದರು. ಯಾರೋ ಒಬ್ಬರು ನನ್ನ ಕಡೆ ತಿರುಗಿ ನೋಡಿದರು, ಆಮೇಲೆ ಎಲ್ಲರೂ ನೋಡಿದರು. ನಾನು ಬಾಳೆಎಲೆ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ, ಊಟ ಮುಗಿಯುವವರೆಗೂ ಎತ್ತಲಿಲ್ಲ.

ಅಲ್ಲಿಂದ ಹೊಳೆಯ ದಾರಿಯಲ್ಲಿ ಸೆರಗಿನ ಮಾತು ನಿಂತಿತು. ನನ್ನನ್ನು ಕಂಡರೆ ಹೆಂಗಸರು ಮಾತು ನುಂಗಿಕೊಂಡು ಸುಮ್ಮನಾಗುವರು. ಕೀರ್ತಿಯ ಕಾಲದಲ್ಲಿ ಗಂಡ ಹೆಂಗಸಿಗಿಂತ ಚೆಂದ ಎಂದು ನಾಚಿಕೆಪಟ್ಟಿದ್ದೆ. ಈಗ ಅದೂ ಹೋಯಿತಲ್ಲ ಎಂದು ನಾಚಿಕೆ. ನಾಚಿಕೆಯಲ್ಲೇ ನನ್ನ ಆಯಸ್ಸು ಕಳೆಯಿತು ಅನ್ನಿ.

ನಮ್ಮವರಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ವಯಸ್ಸು ನಲವತ್ತರ ಹತ್ತಿರ. ಎಷ್ಟು ಬೋಳಿಸಿದರೂ ಗಲ್ಲದ ಮೇಲೆ ಗಡ್ಡದ ಹಸಿರು, ಅದರ ಮೇಲೆ ಬಣ್ಣ ಬಳಿದರೆ ಇನ್ನಷ್ಟು ಎದ್ದು ಕಾಣುವುದು. ನಂಜನಗೂಡಿನ ಡೇರೆಯಲ್ಲಿ ಹಿಂದಿನ ಬೆಂಚುಗಳು ಖಾಲಿ ಬಿದ್ದವು, ಆಮೇಲೆ ಮುಂದಿನವೂ ಖಾಲಿ. ಕೊನೆಗೆ ಕಂಪನಿ ಯಜಮಾನರು ನಮ್ಮ ಜಗಲಿಗೆ ಬಂದು ಕೂತು, ಹೇಳಬೇಕಾದ್ದನ್ನು ಹೇಳಿಯೇಬಿಟ್ಟರು: "ನೋಡಪ್ಪಾ, ಮುಂದಿನ ಮೊಕ್ಕಾಂ ನರಸೀಪುರ. ಅಲ್ಲಿ ಡೇರೆ ತುಂಬಿದ್ರೆ ರಾಣಿ ನಿನ್ನದೇ. ತುಂಬ್ಲಿಲ್ಲಾಂದ್ರೆ ಹಾಸನದ ಕಡೆಯಿಂದ ಒಬ್ಬ ಬಂದಿದ್ದಾನೆ, ಎಳೇ ಕಂಠ. ನೀನು ಗಡ್ಡ ಅಂಟಿಸ್ಕೊಂಡು ಮಂತ್ರಿ ಮಾಡು."

ಅವರು ಹೋದ ಮೇಲೆ ನಮ್ಮವರು ಕನ್ನಡಿಯ ಮುಂದೆ ಕೂತರು. ಎಷ್ಟು ಹೊತ್ತಾದರೂ ಏಳಲಿಲ್ಲ. "ಮಂತ್ರಿಗೆ ಹಾಡೇ ಇಲ್ಲ ಕಣೆ" ಅಂದರು ಕೊನೆಗೆ. ಆ ದನಿ ಕೇಳಿದ ಮೇಲೆ ಹಿಂದಿನ ಕೋಪವೆಲ್ಲ ಎಲ್ಲಿ ಹೋಯಿತೋ. ಮನೆದೇವರಿಗೆ ಮುಡುಪು ಕಟ್ಟಿಟ್ಟು, ಡೇರೆ ತುಂಬಿಸಪ್ಪಾ ಎಂದು ಬೇಡಿಕೊಂಡೆ. ನೆಟ್ಟಗೆ ಬೇಡಿಕೊಳ್ಳುವುದೂ ನನಗೆ ಬರಲಿಲ್ಲ, ಹೇಗೆ ತುಂಬಬೇಕು ಎಂದು ಹೇಳಲೇ ಇಲ್ಲ.

ನರಸೀಪುರದಲ್ಲಿ ನಮ್ಮ ಚಿಕ್ಕಮ್ಮನ ಮನೆ ಇತ್ತು. ಆ ನೆಪದಲ್ಲಿ ನಾನೂ ಗಾಡಿ ಕಟ್ಟಿಸಿಕೊಂಡು ಹೋದೆ. ಆಟದ ದಿನ ಚಿಕ್ಕಮ್ಮನ ಜೊತೆ ಡೇರೆಯ ಹತ್ತಿರ ಬಂದು ನೋಡುತ್ತೇನೆ, ಜನವೋ ಜನ! ಮುಡುಕುತೊರೆಯಿಂದ, ಹೊಳೆಯಾಚೆಯ ಹಳ್ಳಿಗಳಿಂದ ಗಾಡಿಗಳು ಬಂದು ನಿಂತಿವೆ. ಎತ್ತು ಕಟ್ಟುವುದಕ್ಕೆ ಜಾಗವಿಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು. ದೇವರು ಕಣ್ಣು ಬಿಟ್ಟ ಅಂದುಕೊಂಡೆ.

ಆಗ ಒಂದು ಗಾಡಿಯ ಮರೆಯಲ್ಲಿ ನಿಂತ ಗಂಡಸರ ಮಾತು ಕಿವಿಗೆ ಬಿತ್ತು.

"ಅದೇ ಅಳೇ ಆಡು ಕಣ್ಲಾ, ಅದ್ನೇನು ಕೇಳಾದು?"

"ಆಡು ಕೇಳಕ್ಕೆ ಯಾವನ್ಲಾ ಬಂದವ್ನೆ? ವನ್ಸ್ ಮೋರು ಅಂದ್ರೆ ಎಷ್ಟು ಸಲ ಬೇಕಾದ್ರೂ ಏಳ್ತಾಳಂತೆ ರಾಣಿ. ಇವತ್ತು ಸಾಯಕ್ಕೇ ಬುಡಬಾರ್ದು ಅವ್ಳ್ನ."

"ಸುಸ್ತಾಗಿ ದಿಟವಾಗ್ಲೂ ಸಾಯ್ಬೇಕು ಅನ್ನು!"

ಓಡಿಹೋಗಿ ನಮ್ಮವರಿಗೆ ಹೇಳೋಣ ಅಂದರೆ ಆಗಲೇ ಬಣ್ಣದ ಮನೆಯಲ್ಲಿ ಪೂಜೆಯ ಗಂಟೆ ಬಾರಿಸಿಯಾಗಿತ್ತು. ಮುಖಕ್ಕೆ ಬಣ್ಣ ಬಿದ್ದ ಮೇಲೆ ಅದನ್ನು ತೊಳೆಯುವವರೆಗೂ ಮನೆಯವರು ಎದುರಿಗೆ ಹೋಗಿ ಮಾತಾಡಿಸಬಾರದು. ಆ ಹೊತ್ತಿಗೆ ಆ ಮನುಷ್ಯ ಯಾರ ಗಂಡನೂ ಅಲ್ಲ, ಯಾರ ಮಗನೂ ಅಲ್ಲ. ಕಂಪನಿಯಲ್ಲಿ ಇದನ್ನು ಮೀರಿದವರಿರಲಿಲ್ಲ. ಚಿಕ್ಕಮ್ಮ ನನ್ನ ಕೈ ಹಿಡಿದೆಳೆದು, ಹೆಂಗಸರಿಗೆಂದು ತಟ್ಟಿ ಅಡ್ಡ ಕಟ್ಟಿದ್ದ ಕಡೆ ಕೂರಿಸಿದರು.

ರಾಣಿ ವಿಷ ಕುಡಿದಳು. ಹಾಡಿದಳು. ಸುಳ್ಳು ಯಾಕೆ ಹೇಳಲಿ, ಅವತ್ತು ಅವರು ಹಾಡಿದಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲ. ಬಿದ್ದ ತಕ್ಷಣ ಡೇರೆ ಕಿತ್ತುಹೋಗುವ ಹಾಗೆ "ವನ್ಸ್ ಮೋರ್!" ನಮ್ಮವರು ಎದ್ದರು. ಮುಖದಲ್ಲಿ ಎಂಥಾ ಸಂತೋಷ! ಕೈಮುಗಿದು ಮತ್ತೆ ಹಾಡಿದರು, ಮತ್ತೆ ಬಿದ್ದರು. "ಏಳವ್ವೋ ರಾಣಿ, ವನ್ಸ್ ಮೋರು!" ಮತ್ತೆ ಎದ್ದರು. ಈಗ ಜನ ಅವರಿಗಿಂತ ಮೊದಲೇ ಸಾಲು ಹೇಳಿ ಮುಗಿಸುತ್ತಿದ್ದರು. ಬೀಳುವ ಜಾಗ ಬಂದಾಗ "ಬಿದ್ಲು, ಬಿದ್ಲು!" ಎಂದು ಚಪ್ಪಾಳೆ. ನನ್ನ ಪಕ್ಕದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ತಲೆ ಎತ್ತಲಿಲ್ಲ. ನಮ್ಮವರು ಮತ್ತೆ ಎದ್ದರು. ದನಿ ಒಡೆಯಿತು. ಮೇಲಿನ ಸ್ವರಕ್ಕೆ ಹೋಗಲಾರದೆ ಕೆಮ್ಮಿದರು, ಆ ಕೆಮ್ಮಿಗೂ ವನ್ಸ್ ಮೋರ್ ಕೂಗಿದರು ಹಾಳಾದವರು.

ಬೆವರಿಗೆ ಬಣ್ಣ ಇಳಿದು ಕತ್ತಿನವರೆಗೂ ಬಂದಿತ್ತು. ಬಿದ್ದಲ್ಲಿಂದ ಒಂದು ಕೈ ಊರಿ ಮತ್ತೆ ಏಳಲು ಹೊರಟಾಗ ಕೈ ಜಾರಿತು. ನನಗೆ ಏನಾಯಿತೋ, ಹೇಗೆ ಎದ್ದು ನಿಂತೆನೋ, ತಟ್ಟಿಯ ಮೇಲಿಂದ ಕತ್ತು ಚಾಚಿ ಕಿರುಚಿದೆ:

"ಏನೂಂದ್ರೆ! ಸಾಕು, ಏಳ್ಬೇಡೀಂದ್ರೆ!"

ಮನೆಯಲ್ಲಿ ಗಂಡನನ್ನು ಹಾಗೆ ಕರೆದೇ ಅಭ್ಯಾಸ. ಹೆಸರು ಹಿಡಿದು ಕೂಗುವುದುಂಟೇ? ಬೇರೆ ಏನಂತ ಕೂಗಲಿ? ಡೇರೆಯಲ್ಲಿದ್ದವರೆಲ್ಲ ತಟ್ಟಿಯ ಕಡೆ ತಿರುಗಿದರು. ಆಮೇಲೆ ಯಾವನೋ ಅರಚಿದ: "ಲೇ, ರಾಣಿ ಎಂಡ್ರು ಬಂದವ್ಳೆ ಕಣ್ರಲಾ!"

ಅಯ್ಯೋ, ಆ ನಗು! ಆವರೆಗೂ ನಕ್ಕದ್ದು ನಗುವೇ ಅಲ್ಲ. ಬೆಂಚು ಹತ್ತಿ ನಿಂತು ನಕ್ಕರು. ಸಿಳ್ಳು ಹಾಕಿದರು, "ಏನೂಂದ್ರೆ, ಏನೂಂದ್ರೆ" ಎಂದು ಹೆಣ್ಣುದನಿ ಮಾಡಿ ಕರೆದರು. ಚಿಕ್ಕಮ್ಮ ನನ್ನ ಸೊಂಟ ಹಿಡಿದೆಳೆದು ಕೂರಿಸಿ, ನನ್ನ ತಲೆಯ ಮೇಲೆ ತಮ್ಮ ಸೆರಗು ಹಾಕಿದರು. ಅದರೊಳಗಿಂದ ನಾನು ಕಂಡದ್ದು ಇಷ್ಟೇ: ರಂಗದ ಮೇಲೆ ಮಲಗಿದ್ದ ರಾಣಿ ಮುಖವನ್ನು ಹಿಂದಿನ ಪರದೆಯ ಕಡೆಗೆ ಹೊರಳಿಸಿಕೊಂಡಳು. ಮತ್ತೆ ಏಳಲಿಲ್ಲ.

ಬೆಳಿಗ್ಗೆ ಸಂಗಮದ ಸೋಪಾನದಲ್ಲಿ ಅವರು ಬಣ್ಣ ತೊಳೆಯುತ್ತಾ ಕೂತಿದ್ದರು. ನಾನು ಎರಡು ಮೆಟ್ಟಿಲು ಮೇಲೆ ನಿಂತೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ಕಿವಿಯ ಹಿಂದಿನ ಬಣ್ಣ ಉಜ್ಜುತ್ತಲೇ ಇದ್ದರು.

"ಅವ್ರು ಗೇಲಿ ಮಾಡ್ತಿದ್ರು. ನಿಮಗೆ ಗೊತ್ತಾಗ್ಲಿಲ್ಲ, ಅದಕ್ಕೇ..." ಅಂದೆ.

"ಗೊತ್ತಾಗ್ದೇ ಏನೇ? ಎರಡನೇ ಸಲಕ್ಕೇ ಗೊತ್ತಾಯ್ತು."

"ಮತ್ಯಾಕೆ ಎದ್ರಿ?"

"ಕೂಗಿದ್ರಲ್ಲ" ಅಂದರು. ಬೊಗಸೆಯಲ್ಲಿ ನೀರು ತುಂಬಿಕೊಂಡು, "ಅವ್ರು ರಾಣೀನ ನೋಡಿ ನಗ್ತಿದ್ರು ಕಣೆ. ನೀನು ಕರೆದ್ಮೇಲೆ ನನ್ನ ನೋಡಿ ನಕ್ರು" ಅಂದರು.

ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಅಷ್ಟರಲ್ಲಿ ಕಂಪನಿ ಯಜಮಾನರು ಮೆಟ್ಟಿಲಿಳಿದು ಬಂದರು. ಈಗ ಇನ್ನೇನು, ಮುಖಕ್ಕೆ ಮಂಗಳಾರತಿ ಎತ್ತುತ್ತಾರೆ ಅಂದುಕೊಂಡರೆ ಆ ಮನುಷ್ಯನಿಗೆ ಬಾಯಿ ಕಿವಿಯವರೆಗೂ ನಗು. "ತಾಯಿ, ಇಡೀ ಊರಲ್ಲಿ ಅದೇ ಮಾತು! ಇವತ್ತಿನ ಆಟಕ್ಕೆ ಆಗಲೇ ಗಾಡಿ ಬರ್ತಾ ಇವೆ. ನೀವು ನಿನ್ನೆ ಕೂತ ಜಾಗದಲ್ಲೇ ಕೂತ್ಕೋಬೇಕು. ನಿನ್ನೆ ಕೂಗಿದ ಹಾಗೇ ಒಂದೇ ಒಂದು ಸಲ ಕೂಗಿಬಿಡಿ. ರಾಣಿ ಪಾತ್ರಕ್ಕೆ ಇವರ ಬಿಟ್ಟು ಬೇರೆಯವರ ಮಾತೇ ಎತ್ತೋದಿಲ್ಲ ನಾನು" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ಚೊಂಬನ್ನೇ ಎಸೆಯುತ್ತಿದ್ದೆನೇನೋ. ನಮ್ಮವರೇ ಅವರಿಗೆ ಉಗಿಯಲಿ ಎಂದು ತಿರುಗಿ ನೋಡಿದೆ. ಅವರು ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅರ್ಧ ಮುಖ ಗಂಡಸು, ಅರ್ಧ ಮುಖದಲ್ಲಿ ಇನ್ನೂ ಬಣ್ಣ.

"ಕೂಗ್ತೀಯೇನೆ?" ಎಂದು ಕೇಳಿದರು.

ಹಂಗಿಸುವ ಮಾತು ಅಂದುಕೊಂಡೆ. ಮುಖ ನೋಡಿದೆ. ನಿಜವಾಗಿಯೂ ಕೇಳುತ್ತಿದ್ದರು. ಹೂಂ ಅನ್ನಲಿ ಎಂದು ಕಾಯುತ್ತಿದ್ದರು.